ಉಳಿಸಿ ಎನ್ನುವವರ ಪಾಲೆಷ್ಟು?

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ, ಶ್ವೇತಭವನದಿಂದ ಎರಡೇ ಅಡ್ಡರಸ್ತೆಗಳಾಚೆ, ಕಿಟಕಿಗಳೇ ಇಲ್ಲವೇನೋ ಎನಿಸುವ ಎಂಟು ಮೂಲೆಯ ಕಾಂಕ್ರೀಟ್ ಚರ್ಚೊಂದು 1971ರಿಂದ 2014ರವರೆಗೆ ನಿಂತಿತ್ತು. ಅದರ ಹೆಸರು ಥರ್ಡ್ ಚರ್ಚ್ ಆಫ್ ಕ್ರೈಸ್ಟ್, ಸೈಂಟಿಸ್ಟ್. ಅದನ್ನು ಕೆಡವಬೇಕೆಂದು ವರ್ಷಗಟ್ಟಲೆ ಹೋರಾಡಿದವರು ಅಲ್ಲಿ ಭಾನುವಾರದ ಆರಾಧನೆಗೆ ಸೇರುತ್ತಿದ್ದ ಭಕ್ತರು. ಕೆಡವಕೂಡದೆಂದು ಹಟ ಹಿಡಿದವರು ಕಟ್ಟಡಗಳ ಇತಿಹಾಸ ಬಲ್ಲವರು, ಪರಂಪರೆ ಸಂರಕ್ಷಣೆಯ ಸಂಘಗಳು. ದೇವಾಲಯ ಉಳಿಸಲು ಭಕ್ತರು ಬೀದಿಗಿಳಿಯುವುದನ್ನು ಕಂಡವರಿಗೆ ಈ ತಲೆಕೆಳಗಾದ ಜಗಳ ವಿಚಿತ್ರವೆನಿಸಬಹುದು. ಅಮೆರಿಕದ ಪತ್ರಿಕೆಗಳು ಇದನ್ನು ಧರ್ಮ ಮತ್ತು ಕಲೆಯ ಕಾಳಗವೆಂದೋ, ಸೊಗಸು ಮತ್ತು ಕುರೂಪದ ವಾದವೆಂದೋ ಬಣ್ಣಿಸಿದವು. ಎರಡೂ ದಾರಿ ತಪ್ಪಿಸುವ ಬಣ್ಣನೆಗಳು. ಆ ಚರ್ಚು ಬಿದ್ದದ್ದು ಅದರ ಅಂದಚಂದದ ಕಾರಣಕ್ಕಲ್ಲ, ಭಕ್ತರ ನಂಬಿಕೆಯ ಕಾರಣಕ್ಕೂ ಅಲ್ಲ. ಅದನ್ನು ಊರಿನ ಆಸ್ತಿಯೆಂದು ಘೋಷಿಸಿದ ಊರು, ಆ ಆಸ್ತಿಯ ಖರ್ಚನ್ನು ಮಾತ್ರ ಕೆಲವೇ ಡಜನ್ ಭಕ್ತರ ತಲೆಗೆ ಕಟ್ಟಿ ಸುಮ್ಮನಾಯಿತು. ಒಂದು ಕಟ್ಟಡವನ್ನು ಉಳಿಸಿ ಎಂದು ಆಜ್ಞಾಪಿಸುವ ಸಮಾಜ ಅದನ್ನು ಉಳಿಸುವ ವೆಚ್ಚದಲ್ಲೂ ಪಾಲು ಹೊರಬೇಕು; ಹೊರಲಾಗದಿದ್ದರೆ ಆಜ್ಞಾಪಿಸುವ ಹಕ್ಕನ್ನೂ ಬಿಟ್ಟುಕೊಡಬೇಕು.

ಈ ಕಟ್ಟಡ ಅರ್ಥವಾಗಬೇಕಾದರೆ ಅದನ್ನು ಕಟ್ಟಿಸಿದವರನ್ನು ಮೊದಲು ತಿಳಿಯಬೇಕು. ಕ್ರಿಶ್ಚಿಯನ್ ಸೈನ್ಸ್ ಎಂಬುದು ಮೇರಿ ಬೇಕರ್ ಎಡ್ಡಿ ಎಂಬ ಮಹಿಳೆ 1879ರಲ್ಲಿ ಬಾಸ್ಟನ್‌ನಲ್ಲಿ ಸ್ಥಾಪಿಸಿದ ಪಂಥ. ಪ್ರಾರ್ಥನೆಯಿಂದಲೇ ರೋಗ ಗುಣವಾಗುತ್ತದೆಂಬ ನಂಬಿಕೆಯಿಂದ ಹೆಸರಾದ ಇದರಲ್ಲಿ ದೀಕ್ಷೆ ಪಡೆದ ಪಾದ್ರಿಗಳಿಲ್ಲ. ಭಾನುವಾರ ಇಬ್ಬರು ವಾಚಕರು ಬೈಬಲ್ಲನ್ನೂ ಎಡ್ಡಿಯವರ ಗ್ರಂಥವನ್ನೂ ಓದುತ್ತಾರೆ, ಬುಧವಾರದ ಕೂಟದಲ್ಲಿ ಸದಸ್ಯರು ತಮ್ಮ ಅನುಭವ ಹೇಳಿಕೊಳ್ಳುತ್ತಾರೆ. ಹೀಗಾಗಿ ಇವರ ಚರ್ಚಿಗೆ ಬಲಿಪೀಠ ಬೇಡ, ಸಂತರ ವಿಗ್ರಹ ಬೇಡ. ಓದಿದ್ದು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸುವ ಒಳ್ಳೆಯ ಸಭಾಂಗಣ ಸಾಕು. 1908ರಲ್ಲಿ ಆರಂಭವಾಗಿ ಜಗತ್ತಿನ ಗೌರವ ಗಳಿಸಿದ ಕ್ರಿಶ್ಚಿಯನ್ ಸೈನ್ಸ್ ಮಾನಿಟರ್ ಪತ್ರಿಕೆ ಕೂಡ ಇದೇ ಪಂಥದ್ದು. 1960ರ ದಶಕದಲ್ಲಿ ಬಾಸ್ಟನ್ನಿನ ಕೇಂದ್ರ ಕಚೇರಿಯನ್ನು ಹೊಸದಾಗಿ ರೂಪಿಸಲು ಪಂಥ ಹೊರಟಾಗ ಕೆಲಸ ವಹಿಸಿದ್ದು ಐ. ಎಂ. ಪೇ ಅವರ ಪ್ರಸಿದ್ಧ ವಾಸ್ತುಶಿಲ್ಪ ಸಂಸ್ಥೆಗೆ. ಅಲ್ಲಿ ಆ ಹೊಣೆ ಹೊತ್ತವರು ಆರಾಲ್ಡೊ ಕೊಸ್ಸುಟ್ಟಾ. 1925ರಲ್ಲಿ ಯುಗೊಸ್ಲಾವಿಯಾದ ಕ್ರ್ಕ್ ದ್ವೀಪದಲ್ಲಿ ಹುಟ್ಟಿದ ಈತ ಪ್ಯಾರಿಸ್‌ನಲ್ಲಿ ಲ ಕಾರ್ಬ್ಯುಸಿಯೆ ಬಳಿ ದುಡಿದಿದ್ದವರು. ಚಂಡೀಗಡದ ಸಚಿವಾಲಯ, ಹೈಕೋರ್ಟುಗಳನ್ನು ಗಿಲಾವು ಮಾಡದ ಒರಟು ಕಾಂಕ್ರೀಟಿನಲ್ಲಿ ಎಬ್ಬಿಸಿದ ಕಾರ್ಬ್ಯುಸಿಯೆಯ ಹಾದಿಯೇ ವಾಷಿಂಗ್ಟನ್ನಿನ ಆ ಮೂಲೆಯನ್ನೂ ಮುಟ್ಟಿತು.

ಥರ್ಡ್ ಚರ್ಚಿಗಾಗಿ ಕೊಸ್ಸುಟ್ಟಾ ಮಾಡಿದ ನಕ್ಷೆಯಲ್ಲಿ ಒಂದು ಖಚಿತ ಆಲೋಚನೆಯಿತ್ತು. ಒಂದು ಬದಿಗೆ ಎಂಟು ಮೂಲೆಯ ಚರ್ಚು, ಇನ್ನೊಂದು ಬದಿಗೆ ಮಾನಿಟರ್ ಪತ್ರಿಕೆಯ ಹೆಸರಿನ ಕಚೇರಿ ಕಟ್ಟಡ, ಎರಡರ ನಡುವೆ ತ್ರಿಕೋನಾಕಾರದ ಅಂಗಳ. ಬೀದಿಯ ಕಡೆಗೆ ಚರ್ಚು ತೋರಿಸುತ್ತಿದ್ದದ್ದು ಎತ್ತರದ ಬರಿಗೋಡೆಗಳನ್ನು. ಗೋಡೆಯಿಂದ ಹೊರಚಾಚಿದ ಗಂಟೆಗಳ ಸಾಲೊಂದೇ ಅದು ಚರ್ಚೆಂದು ಹೇಳುವ ಗುರುತು. ಸದ್ದುಗದ್ದಲದ ರಾಜಧಾನಿಯ ಹೃದಯದಲ್ಲಿ ಸದ್ದನ್ನು ಹೊರಗೇ ತಡೆದು, ಬೆಳಕನ್ನು ಮೇಲಿನಿಂದ ಒಳಗೆ ಬಿಟ್ಟು, ಸುಮಾರು 400 ಜನ ಕೂತು ಓದನ್ನು ಕೇಳುವಂಥ ಪ್ರಶಾಂತ ಕೋಣೆ ನಿರ್ಮಿಸುವುದು ವಾಸ್ತುಶಿಲ್ಪಿಯ ಉದ್ದೇಶವಾಗಿತ್ತು. ಪಂಥದ ಆರಾಧನಾ ಕ್ರಮಕ್ಕೆ ಇದು ಒಪ್ಪುವ ಉತ್ತರವೇ. ವಾಷಿಂಗ್ಟನ್ ಎಂದರೆ ಅಮೃತಶಿಲೆಯ ಕಂಬಗಳು, ಗ್ರೀಕ್ ಮುಖಮಂಟಪಗಳು ಎಂದೇ ರೂಢಿಯಾಗಿದ್ದ ಊರಿನಲ್ಲಿ ಹೀಗೆ ಯಾವ ಅಲಂಕಾರವೂ ಇಲ್ಲದೆ, ಬರೀ ಜ್ಯಾಮಿತಿಯಿಂದ ಗಾಂಭೀರ್ಯ ಸಾಧಿಸಿದ ಪೂಜಾಸ್ಥಳ ಅಪರೂಪವಾಗಿತ್ತು. ಬ್ರೂಟಲಿಸಂ ಎಂದು ಕರೆಯಲಾಗುವ ಆ ಶೈಲಿಯನ್ನು ಮೆಚ್ಚದವರು ಇದನ್ನು ಯುದ್ಧಕಾಲದ ಬಂಕರಿಗೆ ಹೋಲಿಸಿದರು. ಮೆಚ್ಚದಿರಲು ಯಾರಿಗೂ ಸ್ವಾತಂತ್ರ್ಯವಿದೆ. ಆದರೆ ಇದು ಅಗ್ಗದ, ಅಡ್ಡಾದಿಡ್ಡಿ ಕಟ್ಟಡವೆಂದು ಹೇಳಲು ಬರುವುದಿಲ್ಲ. ಇದು ಉತ್ತಮ ಕೈಯೊಂದರ ಯೋಚಿಸಿದ ಕೃತಿ. ಅದನ್ನು ಕಳೆದುಕೊಂಡದ್ದು ನಷ್ಟವೇ.

ಆದರೆ ಕಟ್ಟಡವೊಂದು ನಕ್ಷೆಯಾಗಿ ಬದುಕುವುದಿಲ್ಲ, ತಿಂಗಳ ಬಿಲ್ಲುಗಳ ಮೇಲೆ ಬದುಕುತ್ತದೆ. 1936ರ ಅಮೆರಿಕದ ಧಾರ್ಮಿಕ ಗಣತಿಯಲ್ಲಿ ಕ್ರಿಶ್ಚಿಯನ್ ಸೈನ್ಸ್ ಸದಸ್ಯರು ಸುಮಾರು 2,70,000 ಮಂದಿ ಇದ್ದರು. ಸದಸ್ಯರ ಲೆಕ್ಕ ಪ್ರಕಟಿಸಬಾರದೆಂಬ ನಿಯಮ ಪಂಥದಲ್ಲೇ ಇರುವುದರಿಂದ ಮುಂದಿನ ಅಂಕಿಗಳು ನಿಖರವಾಗಿ ಸಿಗುವುದಿಲ್ಲ. ಆದರೆ ಇಪ್ಪತ್ತನೇ ಶತಮಾನದ ಎರಡನೇ ಅರ್ಧದಲ್ಲಿ ಪಂಥ ಒಂದೇ ಸಮನೆ ಕುಗ್ಗಿತು, ಊರೂರಿನ ಚರ್ಚುಗಳು ಒಂದೊಂದಾಗಿ ಮಾರಾಟವಾದವು ಎಂಬುದು ಎಲ್ಲರೂ ಒಪ್ಪುವ ಸಂಗತಿ. ಥರ್ಡ್ ಚರ್ಚ್ ಎದ್ದದ್ದು ಈ ಇಳಿಮುಖದ ನಡುವೆಯೇ. ಹೊಸ ಶತಮಾನದ ಹೊತ್ತಿಗೆ 400 ಆಸನಗಳ ಸಭಾಂಗಣದಲ್ಲಿ ಕೂರುತ್ತಿದ್ದವರು ಕೆಲವೇ ಡಜನ್ ಮಂದಿ. ಅಷ್ಟು ಜನಕ್ಕೂ ಇಡೀ ಸಭಾಂಗಣವನ್ನು ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ ಇಡಬೇಕು. 1973ರ ತೈಲ ಬಿಕ್ಕಟ್ಟಿಗೆ ಮುನ್ನ, ಇಂಧನ ಅಗ್ಗವಾಗಿದ್ದಾಗ ಹುಟ್ಟಿದ ಕಟ್ಟಡಗಳಲ್ಲಿ ಶಾಖ ಉಳಿಸುವ ಯೋಚನೆ ಇರುತ್ತಿದ್ದದ್ದೇ ಕಡಿಮೆ. ಎತ್ತರದ ಚಾವಣಿಯ ಬಲ್ಬುಗಳನ್ನು ಬದಲಿಸಬೇಕಾದರೆ ಸಾರವೆ ಕಟ್ಟಬೇಕಿತ್ತು. ಅದಕ್ಕೇ ಸಾವಿರಾರು ಡಾಲರ್ ಖರ್ಚಾಗುತ್ತದೆಂದು ಸಭೆಯವರು ಅಧಿಕಾರಿಗಳ ಮುಂದೆ ದೂರಿಕೊಂಡರು. ಇದರ ಮೇಲೆ ಕಾಂಕ್ರೀಟಿನದೇ ಸಮಸ್ಯೆ. ನೀರು ಒಳನುಗ್ಗಿ ಕಬ್ಬಿಣದ ಸರಳು ತುಕ್ಕು ಹಿಡಿದರೆ ಅದು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಹೊರಮೈಯೇ ಕಟ್ಟಡದ ರೂಪವಾಗಿರುವಲ್ಲಿ ಮೇಲೆ ಗಾರೆ ಬಳಿದು ಮುಚ್ಚುವ ಹಾಗಿಲ್ಲ. ಮೂಲದ ಬಣ್ಣ, ಒರಟುತನ ಹೊಂದುವಂತೆ ತೇಪೆ ಹಾಕಲು ನುರಿತವರೇ ಬೇಕು.

ಇನ್ನು ಕಾನೂನಿನ ಕತೆ. ಈ ಚರ್ಚನ್ನು ಸ್ಮಾರಕವೆಂದು ಘೋಷಿಸಬೇಕೆಂದು ನಗರದ ಎರಡು ಸಂರಕ್ಷಣಾ ಸಂಘಟನೆಗಳು ಅರ್ಜಿ ಹಾಕಿದ್ದು 1991ರಲ್ಲಿ, ಕಟ್ಟಡಕ್ಕಿನ್ನೂ ಇಪ್ಪತ್ತು ವರ್ಷವಾಗಿದ್ದಾಗ. ಅರ್ಜಿ ಹದಿನಾರು ವರ್ಷ ಕೊಳೆಯಿತು. ಚರ್ಚನ್ನು ಕೆಡವಿ ಆ ಜಾಗದಲ್ಲಿ ಕಚೇರಿಗಳನ್ನೂ ಚಿಕ್ಕ ಚರ್ಚನ್ನೂ ಕಟ್ಟುವ ಯೋಜನೆ ಮುಂದೆ ಬಂದಾಗ ಅದಕ್ಕೆ ಜೀವ ಬಂತು. 2007ರ ಡಿಸೆಂಬರಿನಲ್ಲಿ ನಗರದ ಪರಂಪರೆ ಪರಿಶೀಲನಾ ಮಂಡಳಿ ಭಕ್ತರ ವಿರೋಧವನ್ನು ಮೀರಿ ಅದನ್ನು ಸ್ಮಾರಕವೆಂದು ಸಾರಿತು. ವಾಷಿಂಗ್ಟನ್ನಿನ 1978ರ ಕಾನೂನಿನಡಿ ಇಂಥ ಘೋಷಣೆಗೆ ಮಾಲೀಕರ ಒಪ್ಪಿಗೆ ಬೇಕಿಲ್ಲ. 2008ರಲ್ಲಿ ಕೆಡವಲು ಅನುಮತಿಯೂ ಸಿಗಲಿಲ್ಲ. ಸಭೆಯವರು ಧಾರ್ಮಿಕ ಸ್ವಾತಂತ್ರ್ಯದ ಮೊಕದ್ದಮೆ ಹೂಡಿದರು. ಧಾರ್ಮಿಕ ಸಂಸ್ಥೆಗಳ ಜಮೀನು ಬಳಕೆಗೆ ಸರ್ಕಾರ ಅನಗತ್ಯ ಅಡ್ಡಿ ಮಾಡಬಾರದೆಂದು ಅಮೆರಿಕದ ಸಂಸತ್ತು 2000ದಲ್ಲಿ ಮಾಡಿದ ಕಾಯ್ದೆ ಅವರ ಆಸರೆಯಾಗಿತ್ತು. ಕೊನೆಗೆ 2009ರ ಮೇ ತಿಂಗಳಲ್ಲಿ ಮೇಯರ್ ಪರವಾಗಿ ತೀರ್ಮಾನಿಸುವ ಅಧಿಕಾರ ಹೊಂದಿದ್ದ ನಗರ ಯೋಜನಾ ಮುಖ್ಯಸ್ಥೆ ಹ್ಯಾರಿಯೆಟ್ ಟ್ರೆಗೊನಿಂಗ್ ಕೆಡವಲು ಒಪ್ಪಿಗೆ ಕೊಟ್ಟರು. ಅವರು ಆಧರಿಸಿದ್ದು ಧರ್ಮವನ್ನಲ್ಲ, ಅದೇ 1978ರ ಕಾನೂನಿನಲ್ಲಿರುವ ಅತಿಯಾದ ಆರ್ಥಿಕ ಸಂಕಷ್ಟದ ವಿನಾಯಿತಿಯನ್ನು. 2014ರಲ್ಲಿ ಯಂತ್ರಗಳು ಬಂದವು. ಆ ಮೂಲೆಯಲ್ಲೀಗ ಕಚೇರಿ ಕಟ್ಟಡವಿದೆ.

ಈ ಸರಣಿಯಲ್ಲಿ ಯಾರೂ ಗಮನಿಸದ ಒಂದು ಗೈರುಹಾಜರಿಯಿದೆ. ಅರ್ಜಿ ಬಿದ್ದ 1991ರಿಂದ ಒಪ್ಪಿಗೆ ಸಿಕ್ಕ 2009ರವರೆಗೆ ಸಂಘಟನೆಗಳು ವಾದ ಮಂಡಿಸಿದವು, ಮಂಡಳಿ ಆದೇಶ ಹೊರಡಿಸಿತು, ವಕೀಲರು ದಾವೆ ಹೂಡಿದರು. ಆದರೆ ಕಟ್ಟಡದ ಭಾರ ಹಗುರ ಮಾಡುವಂಥ ಹಣವನ್ನಾಗಲೀ, ನಾಲ್ಕುನೂರು ಆಸನಗಳನ್ನು ತುಂಬುವಂಥ ಹೊಸ ಬಳಕೆಯನ್ನಾಗಲೀ ಹಿಡಿದು ಬಂದು ಅದನ್ನು ಉಳಿಸಿಕೊಂಡವರು ಯಾರೂ ಇಲ್ಲ. ವ್ಯವಸ್ಥೆಯೇ ಹಾಗಿತ್ತು. ಅಮೆರಿಕದಲ್ಲಿ ಪಾರಂಪರಿಕ ಕಟ್ಟಡಗಳ ದುರಸ್ತಿಗೆ ಕೇಂದ್ರ ಸರ್ಕಾರ ಕೊಡುವ ದೊಡ್ಡ ನೆರವೆಂದರೆ ಖರ್ಚಿನ ಶೇ 20ರಷ್ಟು ತೆರಿಗೆ ರಿಯಾಯಿತಿ. ಅದು ವರಮಾನ ತರುವ ಕಟ್ಟಡಗಳಿಗೆ ಮಾತ್ರ. ಹಳೆಯ ಗಿರಣಿಯನ್ನು ಹೋಟೆಲಾಗಿ ಮಾಡಿದವನಿಗೆ ಅದು ಸಿಗುತ್ತದೆ; ತೆರಿಗೆಯನ್ನೇ ಕಟ್ಟದ ಚರ್ಚಿಗೆ ಅದರಿಂದ ಕವಡೆಯ ಪ್ರಯೋಜನವೂ ಇಲ್ಲ. ನೇರ ಅನುದಾನಕ್ಕೆ ಧರ್ಮ ಮತ್ತು ಪ್ರಭುತ್ವ ಬೇರೆಯಿರಬೇಕೆಂಬ ಸಂವಿಧಾನದ ಗೆರೆ ಅಡ್ಡ ಬರುತ್ತಿತ್ತು. 2003ರಲ್ಲಿ ಆ ಗೆರೆಯನ್ನು ಸಡಿಲಿಸಿ ಬಾಸ್ಟನ್ನಿನ ಓಲ್ಡ್ ನಾರ್ತ್ ಚರ್ಚಿಗೆ ಕೇಂದ್ರ ಹಣ ಕೊಟ್ಟಿತು. ಆದರೆ ಅದು ಸ್ವಾತಂತ್ರ್ಯ ಸಮರದ ಕತೆಯಲ್ಲಿ ಎಲ್ಲ ಶಾಲಾಮಕ್ಕಳೂ ಓದುವ ಹದಿನೆಂಟನೇ ಶತಮಾನದ ಚರ್ಚು. ಜನಪ್ರಿಯತೆಯಿಲ್ಲದ ಮೂವತ್ತಾರು ವರ್ಷದ ಕಾಂಕ್ರೀಟಿಗೆ ಬಿರುದು ಮಾತ್ರ ದೊರೆಯಿತು.

ಬಿರುದಿನಿಂದ ಕಟ್ಟಡ ಉಳಿಯುತ್ತದೆಯೇ? ಉತ್ತರ ಬೇಕಿದ್ದರೆ ಸ್ಕಾಟ್ಲೆಂಡಿನ ಕಾರ್ಡ್ರಾಸ್ ಗ್ರಾಮದ ಬಳಿಯ ಸೇಂಟ್ ಪೀಟರ್ಸ್ ಸೆಮಿನರಿಯನ್ನು ನೋಡಬೇಕು. ಪಾದ್ರಿಗಳಾಗಲಿರುವ ಯುವಕರ ತರಬೇತಿಗೆಂದು ಗ್ಲಾಸ್ಗೊದ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಕಟ್ಟಿಸಿದ ಇದು 1966ರಲ್ಲಿ ಪೂರ್ಣಗೊಂಡಿತು. ಇಸಿ ಮೆಟ್ಸ್‌ಸ್ಟೈನ್ ಮತ್ತು ಆ್ಯಂಡಿ ಮ್ಯಾಕ್‌ಮಿಲನ್ ರೂಪಿಸಿದ ಇದನ್ನು ಯುದ್ಧೋತ್ತರ ಸ್ಕಾಟ್ಲೆಂಡಿನ ಶ್ರೇಷ್ಠ ಕಟ್ಟಡವೆಂದೇ ಬಲ್ಲವರು ಹೊಗಳುತ್ತಾರೆ. ಆದರೆ ಅದು ಮುಗಿಯುವ ಹೊತ್ತಿಗೇ ಎರಡನೇ ವ್ಯಾಟಿಕನ್ ಮಹಾಸಭೆಯ ಸುಧಾರಣೆಗಳು ಬಂದು, ಪಾದ್ರಿಗಳ ಶಿಕ್ಷಣ ಜನರ ನಡುವೆಯೇ ಆಗಬೇಕೆಂಬ ಯೋಚನೆ ಬಲವಾಗಿತ್ತು. ವಿದ್ಯಾರ್ಥಿಗಳು ತುಂಬಲೇ ಇಲ್ಲ, ಮಾಡು ಸೋರಿತು, 1980ರಲ್ಲಿ ಬಾಗಿಲು ಮುಚ್ಚಿತು. 1992ರಲ್ಲಿ ಸರ್ಕಾರ ಅದಕ್ಕೆ ಅತ್ಯುನ್ನತ ‘ಎ’ ದರ್ಜೆಯ ರಕ್ಷಣೆ ಕೊಟ್ಟಿತು. ಅಂದರೆ ಕೆಡವುವಂತಿಲ್ಲ. ಅದನ್ನು ಬಳಸಲು, ದುರಸ್ತಿ ಮಾಡಲು ಯಾರಲ್ಲೂ ಹಣವಿರಲಿಲ್ಲ. ಬೆಂಕಿ, ಮಳೆ, ಪುಂಡರ ಕೈಗೆ ಸಿಕ್ಕಿ ಅದು ಅಸ್ಥಿಪಂಜರವಾಯಿತು. ಕಲಾಸಂಸ್ಥೆಯೊಂದು ಅದನ್ನು ಬಳಕೆಗೆ ತರಲು ಮಾಡಿದ ಯತ್ನ 2018ರಲ್ಲಿ ಆ ಸಂಸ್ಥೆಯೊಂದಿಗೇ ಕೊನೆಗೊಂಡಿತು. 2020ರಲ್ಲಿ ಧರ್ಮಪ್ರಾಂತ್ಯ ಆಸ್ತಿಯನ್ನು ಒಂದು ಟ್ರಸ್ಟಿಗೆ ಒಪ್ಪಿಸಿ ಕೈತೊಳೆದುಕೊಂಡಿತು. ವಾಷಿಂಗ್ಟನ್ ಕೆಡವಿತು, ಕಾರ್ಡ್ರಾಸ್ ಕೆಡವಲು ಬಿಡಲಿಲ್ಲ. ಒಂದು ಕಡೆ ಬಯಲಾಯಿತು, ಇನ್ನೊಂದು ಕಡೆ ಪಾಳು ಉಳಿಯಿತು. ಎರಡರಲ್ಲೂ ತಪ್ಪಿದ್ದು ಒಂದೇ: ಆದೇಶಕ್ಕೆ ತಕ್ಕ ಅನುದಾನ.

ಇದಕ್ಕೆ ಬರುವ ಮೊದಲ ಆಕ್ಷೇಪ ರುಚಿ ಬದಲಾಗುತ್ತದೆಂಬುದು. ನ್ಯೂಯಾರ್ಕಿನ ಭವ್ಯ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಿಂದ ಕೆಡವತೊಡಗಿದಾಗ ತಡೆಯುವ ಕಾನೂನೇ ಇರಲಿಲ್ಲ. ಆ ಪಶ್ಚಾತ್ತಾಪದಲ್ಲೇ 1965ರಲ್ಲಿ ನಗರದ ಸ್ಮಾರಕ ರಕ್ಷಣಾ ಕಾಯ್ದೆ ಹುಟ್ಟಿತು. ಒಂದು ತಲೆಮಾರು ಕುರೂಪವೆಂದದ್ದನ್ನು ಮುಂದಿನದು ಮೆಚ್ಚುತ್ತದೆ, ಆದ್ದರಿಂದ ಜನ ಮೂಗು ಮುರಿಯುವ ವಯಸ್ಸಿನಲ್ಲೇ ಕಟ್ಟಡಕ್ಕೆ ರಕ್ಷಣೆ ಬೇಕು ಎಂಬ ಈ ವಾದ ಬಲವಾದದ್ದು. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅದರ ತಾರ್ಕಿಕ ಕೊನೆ ಎಲ್ಲಿಗೆ ಮುಟ್ಟುತ್ತದೆ ನೋಡಿ. ಇಂದಿನವರಿಗೆ ಇಷ್ಟವಿಲ್ಲದ್ದನ್ನು ನಾಳಿನವರಿಗಾಗಿ ಕಾಯ್ದಿಡುವುದಾದರೆ ಆ ಕಾಯುವಿಕೆಯ ಲಾಭ ಪಡೆಯುವವರು ಇಡೀ ಸಮಾಜದ ಮುಂದಿನ ಪೀಳಿಗೆಗಳು. ಅಂಥ ಲಾಭದ ಬೆಲೆಯನ್ನು ಇಂದು ಒಂದು ಸಣ್ಣ ಸಭೆಯ ಕಾಣಿಕೆ ಡಬ್ಬಿಯಿಂದ ವಸೂಲಿ ಮಾಡಲು ಯಾವ ನ್ಯಾಯವಿದೆ? ರುಚಿಯ ವಾದ ಸಂರಕ್ಷಣೆಗೆ ಎಷ್ಟು ಬಲ ಕೊಡುತ್ತದೋ, ಸಾರ್ವಜನಿಕ ವೆಚ್ಚಕ್ಕೂ ಅಷ್ಟೇ ಬಲ ಕೊಡುತ್ತದೆ.

ಎರಡನೆಯದು ಹೆಚ್ಚು ಚುರುಕಾದ ಆಕ್ಷೇಪ. ಈ ಕಟ್ಟಡ ಬೇಕೆಂದು ವಾಸ್ತುಶಿಲ್ಪಿಯನ್ನು ಕರೆಸಿ ಕಟ್ಟಿಸಿದ್ದು ಅದೇ ಪಂಥ. ಮೇಲಾಗಿ ಶ್ವೇತಭವನದ ಮಗ್ಗುಲಿನ ಜಾಗವೆಂದರೆ ಬಂಗಾರದ ತುಂಡು. ಬಡತನದ ಮೊರೆಯ ಹಿಂದೆ ಜಾಗ ಮಾರಿಕೊಳ್ಳುವ ಆಸೆ ಅಡಗಿಲ್ಲವೆಂದು ನಂಬುವುದು ಹೇಗೆ? ಈ ಸಂಶಯ ಆಧಾರವಿಲ್ಲದ್ದಲ್ಲ. ನ್ಯೂಯಾರ್ಕಿನ ಪಾರ್ಕ್ ಅವೆನ್ಯೂದಲ್ಲಿರುವ ಸೇಂಟ್ ಬಾರ್ಥಲೊಮ್ಯೂಸ್ ಚರ್ಚು ತನ್ನ ಸಮುದಾಯ ಭವನ ಕೆಡವಿ ಅಲ್ಲೊಂದು ಗಗನಚುಂಬಿ ಎಬ್ಬಿಸಲು ಹೊರಟಿತ್ತು. ಧಾರ್ಮಿಕ ಸೇವೆಗೆ ಹಣ ಬೇಕೆಂಬುದೇ ಅದರ ವಾದ. ಲೆಕ್ಕಪತ್ರ ಜಾಲಾಡಿದ ನ್ಯಾಯಾಲಯಕ್ಕೆ ಸಂಕಷ್ಟ ಸಾಬೀತಾದಂತೆ ಕಾಣಲಿಲ್ಲ. 1990ರಲ್ಲಿ ಮೇಲ್ಮನವಿ ನ್ಯಾಯಾಲಯವೂ ನಗರದ ಪರವಾಗಿಯೇ ತೀರ್ಪು ಕೊಟ್ಟಿತು. ಆ ತೀರ್ಪು ಸರಿಯೇ. ಲಾಭ ಕಡಿಮೆಯಾಗುವುದು ಬೇರೆ, ಬದುಕಲಾಗದಿರುವುದು ಬೇರೆ. ಹೀಗಾಗಿ ಸಂಕಷ್ಟ ಹೇಳಿಕೊಳ್ಳುವ ಸಂಸ್ಥೆ ತನ್ನ ಲೆಕ್ಕ ಬಿಚ್ಚಿಡಬೇಕು, ಕಟ್ಟಡವನ್ನು ಬೇಕೆಂದೇ ಹಾಳುಗೆಡವಿಲ್ಲವೆಂದು ತೋರಿಸಬೇಕು. ಆದರೆ ಲೆಕ್ಕ ನೋಡಿದ ಮೇಲೂ ಸಂಕಷ್ಟ ನಿಜವೆಂದು ಕಂಡರೆ ಏನು? ಥರ್ಡ್ ಚರ್ಚಿನ ವಿಷಯದಲ್ಲಿ ಅಧಿಕಾರಿಗೆ ಕಂಡದ್ದು ಅದೇ. ತಾತಂದಿರು ಇಚ್ಛೆಪಟ್ಟು ಕಟ್ಟಿಸಿದರೆಂಬ ಕಾರಣಕ್ಕೆ, ಕುಗ್ಗಿದ ಸಭೆಯ ಮೊಮ್ಮಕ್ಕಳು ಕಟ್ಟಡಕ್ಕಾಗಿ ಸಭೆಯನ್ನೇ ಮುಚ್ಚಬೇಕೆಂದು ಹೇಳುವುದು ಕಟ್ಟಡವನ್ನು ಉಳಿಸುವ ಮಾರ್ಗವೂ ಅಲ್ಲ. ಸಭೆ ಮುಚ್ಚಿದ ಮೇಲೆ ಆಗುವುದು ಏನೆಂದು ಕಾರ್ಡ್ರಾಸ್ ತೋರಿಸಿದೆ.

ಮೂರನೆಯ ಮಾತು ಎದುರು ದಿಕ್ಕಿನಿಂದ ಬರುತ್ತದೆ: ಪೂಜಾಸ್ಥಳ ಹೇಗಿರಬೇಕೆಂದು ಹೇಳಲು ಸರ್ಕಾರ ಯಾರು, ಧಾರ್ಮಿಕ ಕಟ್ಟಡಗಳಿಗೆ ಸ್ಮಾರಕ ಕಾನೂನೇ ಅನ್ವಯಿಸಬಾರದು. ಕ್ಯಾಲಿಫೋರ್ನಿಯಾ 1994ರಲ್ಲಿ ಬಹುಮಟ್ಟಿಗೆ ಇದನ್ನೇ ಮಾಡಿತು. ತನಗೆ ತೊಂದರೆಯೆಂದು ಸಾರ್ವಜನಿಕವಾಗಿ ಘೋಷಿಸಿದ ಧಾರ್ಮಿಕ ಸಂಸ್ಥೆ ತನ್ನ ಆಸ್ತಿಯನ್ನು ಸ್ಥಳೀಯ ಸ್ಮಾರಕ ಕಾನೂನಿನಿಂದ ಹೊರಗಿಟ್ಟುಕೊಳ್ಳಬಹುದು. ನನಗಿದು ಒಪ್ಪಿಗೆಯಿಲ್ಲ. ಜಗತ್ತಿನ ಶ್ರೇಷ್ಠ ಕಟ್ಟಡಗಳಲ್ಲಿ ದೊಡ್ಡ ಪಾಲು ಪೂಜಾಸ್ಥಳಗಳೇ ಆಗಿರುವಾಗ ಅವನ್ನೆಲ್ಲ ಆಡಳಿತ ಮಂಡಳಿಗಳ ಮರ್ಜಿಗೆ ಬಿಟ್ಟರೆ ಉಳಿಯುವುದು ಬಹಳ ಕಡಿಮೆ. ಕಿಟಕಿಯಿಲ್ಲದ ಗೋಡೆ ತಮ್ಮ ನಂಬಿಕೆಯ ಮುಕ್ತತೆಗೆ ಒಪ್ಪುವುದಿಲ್ಲವೆಂದು ಥರ್ಡ್ ಚರ್ಚಿನವರು ಹೇಳಿದ್ದರು. ಅದು ಪ್ರಾಮಾಣಿಕ ಮಾತೇ ಇರಬಹುದು. ಆದರೆ ಅಂಥ ಮಾತನ್ನು ಅಳೆಯಲು ಯಾವ ನ್ಯಾಯಾಧೀಶನ ಬಳಿಯೂ ಅಳತೆಗೋಲಿಲ್ಲ. ಖರ್ಚನ್ನು ಅಳೆಯಬಹುದು. ಟ್ರೆಗೊನಿಂಗ್ ಅವರ ತೀರ್ಮಾನದ ವಿವೇಕ ಇದರಲ್ಲೇ ಇದೆ. ಅವರು ಕೇಳಿದ ಪ್ರಶ್ನೆಯನ್ನು ಗ್ರಂಥಾಲಯಕ್ಕೂ ರಂಗಮಂದಿರಕ್ಕೂ ಕೇಳಬಹುದಿತ್ತು. ಸಂರಕ್ಷಣೆಯ ಹೊರೆ ಎಲ್ಲರಿಗೂ ಒಂದೇ ನಿಯಮದಲ್ಲಿ ಹಂಚಿಕೆಯಾದರೆ ಧರ್ಮಕ್ಕೆ ಪ್ರತ್ಯೇಕ ಬಾಗಿಲು ತೆರೆಯುವ ಅಗತ್ಯವೇ ಬೀಳುವುದಿಲ್ಲ.

ಹೊರೆ ಹಂಚಿಕೊಳ್ಳುವುದೆಂದರೆ ಸರ್ಕಾರದ ಖಜಾನೆಯಿಂದ ಕಟ್ಟುಕಟ್ಟು ನೋಟು ಎಣಿಸುವುದೆಂದೇ ಅಲ್ಲ. ಸೇಂಟ್ ಬಾರ್ಥಲೊಮ್ಯೂಸ್ ಚರ್ಚಿನ ಕತೆಯ ಉತ್ತರಾರ್ಧ ಇಲ್ಲಿ ಉಪಯುಕ್ತ. 2017ರಲ್ಲಿ ನ್ಯೂಯಾರ್ಕ್ ನಗರ ಈಸ್ಟ್ ಮಿಡ್‌ಟೌನ್ ಪ್ರದೇಶದ ನಿಯಮ ಬದಲಿಸಿ, ಸ್ಮಾರಕ ಕಟ್ಟಡಗಳು ತಮ್ಮ ಮೇಲೆ ಕಟ್ಟದೇ ಉಳಿದ ಅಂತಸ್ತುಗಳ ಹಕ್ಕನ್ನು ದೂರದ ನಿವೇಶನಗಳಿಗೂ ಮಾರಬಹುದೆಂದಿತು. ಮಾರಿದವರು ಕಟ್ಟಡದ ನಿರ್ವಹಣಾ ಯೋಜನೆಯನ್ನೂ ಒಪ್ಪಿಸಬೇಕು. ಬೆಂಗಳೂರಿನ ರಸ್ತೆ ವಿಸ್ತರಣೆ, ಅರಮನೆ ಮೈದಾನದ ವ್ಯಾಜ್ಯಗಳಲ್ಲಿ ನಾವು ಟಿಡಿಆರ್ ಎಂದು ಕೇಳುವುದು ಇದೇ ಜಾತಿಯ ಹಕ್ಕನ್ನು. ಗಗನಚುಂಬಿ ಕಟ್ಟಲು ಹೋಗಿ ಸೋತಿದ್ದ ಅದೇ ಚರ್ಚು, ತನ್ನ ಗೋಪುರಕ್ಕೆ ಕುಂದಿಲ್ಲದಂತೆ, ಸುಮಾರು 50,000 ಚದರ ಅಡಿಯ ಹಕ್ಕನ್ನು ಜೆ.ಪಿ. ಮಾರ್ಗನ್ ಬ್ಯಾಂಕಿಗೆ ಮಾರಿತು. ಬಾಸ್ಟನ್ನಿನಲ್ಲಿ ಕ್ರಿಶ್ಚಿಯನ್ ಸೈನ್ಸ್ ಕೇಂದ್ರದ್ದೂ ಇದೇ ಬಗೆ. ಅದೇ ಕೊಸ್ಸುಟ್ಟಾ ರೂಪಿಸಿದ ಉದ್ದನೆಯ ಕೊಳ, ಕಾಂಕ್ರೀಟ್ ಕಟ್ಟಡಗಳ ಆ ಸಂಕೀರ್ಣ 2011ರಲ್ಲಿ ಸ್ಮಾರಕವೆನಿಸಿತು. ಜೊತೆಗೇ ಅಂಚಿನ ಜಾಗಗಳಲ್ಲಿ ಹೊಸ ಕಟ್ಟಡಗಳಿಗೆ ನಗರ ಒಪ್ಪಿತು. ಅಂಥ ಅಂಚಿನಲ್ಲಿ 2019ರಲ್ಲಿ ಒನ್ ಡಾಲ್ಟನ್ ಗೋಪುರ ಎದ್ದಿತು, ಕೊಳ ಮತ್ತು ಅಂಗಳ ದುರಸ್ತಿಯಾದವು. ಒಬ್ಬನೇ ವಾಸ್ತುಶಿಲ್ಪಿ, ಒಂದೇ ಪಂಥ, ಒಂದೇ ಕಾಂಕ್ರೀಟು. ಬಾಸ್ಟನ್ನಿನ ಕೃತಿ ಉಳಿದದ್ದು ಸ್ಮಾರಕದ ಆದೇಶದ ಜೊತೆಗೆ ಆದಾಯದ ದಾರಿಯನ್ನೂ ಕೂರಿಸಿದ್ದರಿಂದ.

ಹಣದಷ್ಟೇ ಮುಖ್ಯವಾದದ್ದು ಹೊಸ ಬಳಕೆದಾರರನ್ನು ಹುಡುಕುವುದು. ಕ್ಯಾಲಿಫೋರ್ನಿಯಾದ ಗಾರ್ಡನ್ ಗ್ರೋವ್‌ನಲ್ಲಿ ಟಿ.ವಿ. ಬೋಧಕ ರಾಬರ್ಟ್ ಶುಲ್ಲರ್, ಫಿಲಿಪ್ ಜಾನ್ಸನ್ ಮತ್ತು ಜಾನ್ ಬರ್ಗಿ ಅವರಿಂದ 10,000ಕ್ಕೂ ಹೆಚ್ಚು ಗಾಜಿನ ಹಾಳೆಗಳ ಕ್ರಿಸ್ಟಲ್ ಕೆಥೀಡ್ರಲ್ ಕಟ್ಟಿಸಿ 1980ರಲ್ಲಿ ಜಗತ್ತನ್ನೇ ಬೆರಗುಗೊಳಿಸಿದ್ದರು. 2010ರಲ್ಲಿ ಆ ಸಂಸ್ಥೆ ನಾಲ್ಕು ಕೋಟಿ ಡಾಲರಿಗೂ ಮೀರಿದ ಸಾಲದಲ್ಲಿ ದಿವಾಳಿಯಾಯಿತು. ಆರೆಂಜ್ ಕೌಂಟಿಯ ಕ್ಯಾಥೊಲಿಕ್ ಧರ್ಮಪ್ರಾಂತ್ಯ 5.75 ಕೋಟಿ ಡಾಲರಿಗೆ ಅದನ್ನು ಕೊಂಡು, ಒಳಾಂಗಣವನ್ನು ತನ್ನ ಆರಾಧನೆಗೆ ತಕ್ಕಂತೆ ಬದಲಿಸಿ, 2019ರಲ್ಲಿ ಪುನಃ ಪ್ರತಿಷ್ಠೆ ಮಾಡಿತು. ಮೂಲದ ಒಳಾಂಗಣ ಹೋಯಿತೆಂದು ಕೊರಗಿದ ಶುದ್ಧತಾವಾದಿಗಳಿದ್ದಾರೆ. ಆದರೆ ಕಟ್ಟಡ ನಿಂತಿದೆ, ಭಾನುವಾರ ತುಂಬುತ್ತದೆ. ಹೊಸಬರಿಗೆ ಬದಲಾವಣೆಯ ಸ್ವಾತಂತ್ರ್ಯ ಕೊಡದ ಸಂರಕ್ಷಣೆ ಕೊಳ್ಳುವವರನ್ನೇ ಓಡಿಸುತ್ತದೆ. ಇಂಗ್ಲೆಂಡಿನಲ್ಲಿ ಬಳಕೆ ತಪ್ಪಿದ ಆಂಗ್ಲಿಕನ್ ಚರ್ಚುಗಳಿಗೆಂದೇ 1969ರಲ್ಲಿ ಆರಂಭವಾದ ಟ್ರಸ್ಟೊಂದಿದೆ. ಸರ್ಕಾರ ಮತ್ತು ಚರ್ಚು ಎರಡೂ ಹಣ ಹಾಕುವ ಅದರ ಆಶ್ರಯದಲ್ಲಿ ಇಂದು 350ಕ್ಕೂ ಹೆಚ್ಚು ಚರ್ಚುಗಳಿವೆ. ಕಾಯ್ದುಕೊಳ್ಳುವುದು ಮೂಲ ಭಕ್ತರ ಪಾಪವೋ ಪುಣ್ಯವೋ ಎಂದು ಬಿಡದೆ ಅದನ್ನು ಊರಿನ ಕೆಲಸವೆಂದು ಒಪ್ಪಿಕೊಂಡ ಮಾದರಿಯಿದು.

ಸಾರ್ವಜನಿಕ ಹಣವನ್ನು ಒಂದು ಮತದ ಕಟ್ಟಡಕ್ಕೇಕೆ ಸುರಿಯಬೇಕು, ಆಸ್ಪತ್ರೆ ಶಾಲೆಗಳಿಗೇ ಸಾಲದಿರುವಾಗ, ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರವೂ ನೇರವಾಗಿಯೇ ಇದೆ. ಹಣ ಸಲ್ಲಬೇಕಾದದ್ದು ಗೋಡೆ ಮಾಡುಗಳಿಗೆ, ಬೋಧನೆಗಲ್ಲ. ಅದಕ್ಕೆ ಪ್ರತಿಯಾಗಿ ಆ ಕಟ್ಟಡ ವರ್ಷದ ಇಂತಿಷ್ಟು ದಿನ ಎಲ್ಲ ಜನರಿಗೂ ತೆರೆದಿರಬೇಕು. ಎಲ್ಲವನ್ನೂ ಉಳಿಸಲು ಹಣ ಸಾಲದು ಎಂಬುದೂ ನಿಜ. ಆದರೆ ಈ ಮಿತಿಯೇ ಈ ನಿಯಮದ ಗುಣ. ಘೋಷಣೆಗೆ ಬೆಲೆಯೇ ಇಲ್ಲದಿದ್ದಾಗ ಮಂಡಳಿಗಳು ಪಟ್ಟಿ ಬೆಳೆಸುತ್ತಾ ಹೋಗುತ್ತವೆ, ಪಟ್ಟಿಯಲ್ಲಿದ್ದದ್ದು ಒಂದೊಂದಾಗಿ ಸಾಯುತ್ತದೆ. ಪ್ರತಿ ಘೋಷಣೆಯ ಜೊತೆ ಇಂತಿಷ್ಟು ಹೊಣೆಯೂ ಬರುವುದಾದರೆ, ಯಾವುದು ನಿಜವಾಗಿ ಉಳಿಯಬೇಕಾದದ್ದು ಎಂಬ ಕಷ್ಟದ ಆಯ್ಕೆಯನ್ನು ಸಮಾಜ ಮೊದಲೇ, ಬಹಿರಂಗವಾಗಿ ಮಾಡಬೇಕಾಗುತ್ತದೆ. ಥರ್ಡ್ ಚರ್ಚಿನ ಅರ್ಜಿ ಬಿದ್ದ 1991ರಲ್ಲೇ ವಾಷಿಂಗ್ಟನ್ ಆ ಆಯ್ಕೆ ಮಾಡಿದ್ದರೆ ಹದಿನೆಂಟು ವರ್ಷಗಳಲ್ಲಿ ಹೊಸ ಬಳಕೆದಾರರು ಸಿಗಲು ಕಾಲಾವಕಾಶವಿತ್ತು. ಬುಲ್ಡೋಜರಿನ ಸದ್ದು ಕೇಳಿದ ಮೇಲೆ ಎಚ್ಚೆತ್ತಾಗ ಉಳಿದಿದ್ದು ಕೋರ್ಟಿನ ದಾರಿ ಮಾತ್ರ.

ನಮ್ಮ ದೇಶಕ್ಕೂ ಈ ಪಾಠ ಸಲ್ಲುತ್ತದೆ. ನಮ್ಮ ಕಾನೂನುಗಳು ವಯಸ್ಸನ್ನೇ ಯೋಗ್ಯತೆಯೆಂದು ತಿಳಿಯುತ್ತವೆ. ಪುರಾತತ್ವ ಇಲಾಖೆಯ 1958ರ ಕಾಯ್ದೆ ನೂರು ವರ್ಷ ಕೇಳುತ್ತದೆ. ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ 1972ರಲ್ಲಿ ನಿರ್ಮಿಸಿದ ಹಾಲ್ ಆಫ್ ನೇಷನ್ಸ್ ಅರವತ್ತು ದಾಟಿಲ್ಲವೆಂಬ ಕಾರಣಕ್ಕೆ ಪಾರಂಪರಿಕ ಪಟ್ಟಿಗೆ ಸೇರಲಿಲ್ಲ. 2017ರ ಏಪ್ರಿಲಿನಲ್ಲಿ ರಾತ್ರೋರಾತ್ರಿ ನೆಲಸಮವಾಯಿತು. ಲೂಯಿ ಕಾನ್ ರೂಪಿಸಿದ ಅಹಮದಾಬಾದ್ ಐಐಎಂನ 18 ವಿದ್ಯಾರ್ಥಿನಿಲಯಗಳಲ್ಲಿ 14ನ್ನು ಕೆಡವುವ ನಿರ್ಧಾರ 2020ರ ಕೊನೆಗೆ ಹೊರಬಿದ್ದಾಗ ಜಗತ್ತಿನೆಲ್ಲೆಡೆಯಿಂದ ಪ್ರತಿಭಟನೆಯ ಪತ್ರಗಳು ಬಂದವು, ನಿರ್ಧಾರ ಹಿಂದಕ್ಕೆ ಹೋಯಿತು. ಇಟ್ಟಿಗೆ ಸಡಿಲಾಗಿದೆಯೆಂಬ ಮೂಲ ದೂರು ಮಾತ್ರ ಹಾಗೇ ಉಳಿದು, 2022ರಲ್ಲಿ ಮತ್ತೆ ಅದೇ ಚರ್ಚೆ ತಲೆಯೆತ್ತಿತು. ವಯಸ್ಸಿನ ನಿಯಮ ಸಡಿಲಿಸಿ, ಇಪ್ಪತ್ತನೇ ಶತಮಾನದ ಉತ್ತರಾರ್ಧವನ್ನೂ ಪರಂಪರೆಯ ಪಟ್ಟಿಗೆ ಸೇರಿಸಿ ಎಂಬ ಬೇಡಿಕೆ ಸರಿಯಾದದ್ದು. ಆದರೆ ಹಣವಿಲ್ಲದ ಪಟ್ಟಿ ಮಾತ್ರ ಬಂದರೆ ನಮಗೂ ಸಿಗುವುದು ನಮ್ಮದೇ ಕಾರ್ಡ್ರಾಸ್‌ಗಳು.

ಇಷ್ಟನ್ನು ಕಾನೂನಿನ ಭಾಷೆಗೆ ಇಳಿಸುವುದು ಕಷ್ಟವೇನಲ್ಲ. ಮಾಲೀಕರ ಒಪ್ಪಿಗೆಯಿಲ್ಲದೆ ಕಟ್ಟಡವನ್ನು ಸ್ಮಾರಕವೆಂದು ಸಾರುವ ಪ್ರತಿ ಆದೇಶದ ಜೊತೆಗೇ ಅದರ ನಿರ್ವಹಣೆಯ ಅಂದಾಜು, ಆ ಅಂದಾಜಿನಲ್ಲಿ ಸಾರ್ವಜನಿಕ ಪಾಲು, ಟಿಡಿಆರ್‌ನಂಥ ಆದಾಯದ ದಾರಿ ಮತ್ತು ಹೊಸ ಬಳಕೆಗೆ ಬೇಕಾದ ಬದಲಾವಣೆಯ ಮಿತಿ ಈ ನಾಲ್ಕೂ ಇರಲೇಬೇಕು. ಇವಿಲ್ಲದ ಆದೇಶ ಗೊತ್ತಾದ ಅವಧಿಯ ನಂತರ ತಾನಾಗಿ ರದ್ದಾಗಬೇಕು. ಸಂರಕ್ಷಣೆಯ ಸಂಘಗಳಿಗೆ ಇದು ಕಹಿಯೆನಿಸೀತು, ಏಕೆಂದರೆ ಅವರ ಕೈಯಲ್ಲಿರುವ ಏಕೈಕ ಆಯುಧವನ್ನು ಇದು ದುಬಾರಿಯಾಗಿಸುತ್ತದೆ. ಆದರೆ ಆ ಅಗ್ಗದ ಆಯುಧ ಥರ್ಡ್ ಚರ್ಚಿಗೆ ಕೊಟ್ಟದ್ದು ಬರೀ ಏಳು ವರ್ಷಗಳ ಗಡುವು. ಸಭೆ ಉಳಿಯಿತು, ನಗರಕ್ಕೆ ಇನ್ನೊಂದು ಕಚೇರಿ ಕಟ್ಟಡ ಸಿಕ್ಕಿತು, ಕೊಸ್ಸುಟ್ಟಾ ಅವರ ಕೃತಿ ಹೋಯಿತು. ಅದು ಬೇಕೆಂದವರು ಸಾವಿರಾರು ಮಂದಿ ಇದ್ದಿರಬಹುದು. ಆ ಬೇಕು ಎಂಬುದನ್ನು ವರ್ಷಕ್ಕೊಮ್ಮೆ ಸಾರವೆ ಕಟ್ಟುವ ಖರ್ಚಾಗಿ ಪರಿವರ್ತಿಸುವ ವ್ಯವಸ್ಥೆ ಆ ನಗರದಲ್ಲಿ ಇರಲಿಲ್ಲ. ಸಂರಕ್ಷಣೆಯ ಕಾನೂನು ಬರೆಯುವವರು ಮೊದಲು ಕಟ್ಟಬೇಕಾದದ್ದು ಆ ವ್ಯವಸ್ಥೆಯನ್ನು.